ಉಂಡ ಇಪ್ಪತ್ತು ನಿಮಿಷಕ್ಕೆ

ಜೂನ್ 4, ಮಂಗಳವಾರ. ಮಧ್ಯಾಹ್ನ 3.10

ಎರಡು ಮದುವೆ ಫೋಟೋ, ಒಂದು ಸರ್ಟಿಫಿಕೇಟು — ಫ್ರೇಮ್ ಹಾಕಿ ಮುಗಿಸಿದೆ. ಸರ್ಟಿಫಿಕೇಟಿನ ಗಾಜು ಮೂಲೆಯಲ್ಲಿ ಒಡೆಯಿತು. ಇನ್ನೊಂದು ಕತ್ತರಿಸಬೇಕಾಯಿತು. ಕೈಯಲ್ಲಿ ಬಲವಿಲ್ಲ. ಗಾಜಿನ ಮೇಲೆ ಗೀರು ಎಳೆಯುವಾಗ ಕೈ ಒಂದೇ ಸಮ ಒತ್ತಬೇಕು, ನಡುವೆ ಅನುಮಾನಿಸಿದರೆ ಕೆಟ್ಟಿತು. ನಮ್ಮ ಇವರು ಮೂವತ್ತೊಂದು ವರ್ಷ ಹೇಳಿದ್ದೂ ಅದನ್ನೇ.

1.15ಕ್ಕೆ ಶಟರ್ ಅರ್ಧ ಇಳಿಸಿದೆ. ಬ್ರೆಡ್ಡು ಒಂದು ಚೂರು, ಅರ್ಧ ಬಾಳೆಹಣ್ಣು. 1.35ಕ್ಕೆ ಶುರು. ಹೊಕ್ಕುಳ ಮೇಲೆ, ನಟ್ಟನಡುವೆ. ಒದ್ದೆ ಬಟ್ಟೆ ಹಿಂಡಿದ ಹಾಗೆ. ರಟ್ಟಿನ ಕಟ್ಟಿನ ಮೇಲೆ ಮೊಣಕಾಲು ಎದೆಗವಚಿ ಕೂತೆ. 2.50ಕ್ಕೆ ಬಿಟ್ಟಿತು.

ಪಕ್ಕದ ಅಂಗಡಿಯ ಕೀಲಿಕೈಯವನು ಶಟರ್ ಕೆಳಗಿಂದ ತಲೆ ತೂರಿಸಿದ. ಊರವರ ಬೀಗಕ್ಕೆಲ್ಲ ಕೀಲಿ ಮಾಡಿಕೊಡ್ತೀನಿ ಅಕ್ಕಾ, ನಿಮ್ಮ ಬಾಯಿಗೆ ಬಿದ್ದಿರೋ ಬೀಗಕ್ಕೆ ಯಾವುದು ಮಾಡಲಿ ಅಂದ. ನಕ್ಕೆ. ನಕ್ಕರೂ ನೋವು.

ಜೂನ್ 5

ಔಷಧಿ ಅಂಗಡಿಯ ತೂಕದ ಯಂತ್ರ ಹತ್ತಿದೆ. 43. ನವೆಂಬರಿನಲ್ಲಿ 57 ಇತ್ತು.

ಎಲ್ಲರ ಬಾಯಲ್ಲೂ ಒಂದೇ ಮಾತು — ಕೊರಗು. ಇವರು ಹೋಗಿ ಹದಿನಾಲ್ಕು ತಿಂಗಳು. ನೋವು ಶುರುವಾಗಿ ಏಳು. ಎಂಡೋಸ್ಕೋಪಿ ಮಾಡಿದರು, ಹೊಟ್ಟೆ ಕನ್ನಡಿಯಂತಿದೆ ಎಂದರು. ಮಾಮೂಲಿ ಸ್ಕ್ಯಾನ್ ಆಯಿತು, ಏನೂ ಇಲ್ಲ. ಆಮೇಲೆ ಹೊಟ್ಟೆ ಡಾಕ್ಟರು ಪೆನ್ನು ಕೆಳಗಿಟ್ಟು, ಯಜಮಾನರು ಹೋಗಿ ಎಷ್ಟು ದಿನವಾಯಿತು ಎಂದು ಮೆತ್ತಗೆ ಕೇಳಿದರು. ಮನಸ್ಸಿಗೆ ಅಂತ ಮಾತ್ರೆ ಬರೆದುಕೊಟ್ಟರು. ನಿದ್ದೆ ಬರುತ್ತದೆ. ನೋವು ತನ್ನ ಪಾಡಿಗೆ ತಾನು.

ಯಾರಿಗೂ ಹೇಳದ್ದನ್ನು ಇಲ್ಲಿ ಬರೆಯುತ್ತೇನೆ. ತೂಕದ ಮುಳ್ಳು ಇಳಿದಾಗ ಭಯವಾಗುವುದಿಲ್ಲ. ಒಳಗೊಳಗೇ ಸಮಾಧಾನ. ಒಂದೊಂದು ಕಿಲೋ ಒಂದೊಂದು ಮೆಟ್ಟಿಲು... ಇವರ ಕಡೆಗೆ.

ಜೂನ್ 9, ಭಾನುವಾರ

ಮಗಳು ಬಂದಳು. ವಾರವಿಡೀ ಪೋಸ್ಟ್ ಆಫೀಸಿನ ಕೌಂಟರಿನಲ್ಲಿ ಜನರ ಜೊತೆ ಗುದ್ದಾಡಿ, ಇರುವ ಒಂದು ರಜೆಯಲ್ಲಿ ಎರಡು ಬಸ್ಸು ಬದಲಿಸಿ ನನಗೆ ಸೂಪು ತರುತ್ತಾಳೆ. ಎದುರಿಗೆ ಕೂತು ಚಮಚ ಎಣಿಸಿದಳು. ನಾಲ್ಕಕ್ಕೆ ಸಾಕು ಅಂದೆ. ಇನ್ನೊಂದು ಅಂದಳು. ಬೇಡ ಅಂದೆ.

ಬಟ್ಟಲು ಎತ್ತಿಕೊಂಡು ಒಳಗೆ ಹೋದಳು. ನಲ್ಲಿ ಬಿಟ್ಟ ಸದ್ದು ಬಹಳ ಹೊತ್ತು. ಹೊರಗೆ ಬಂದಾಗ ಮುಖ ಒರೆಸಿಕೊಂಡಿದ್ದಳು.

"ಅಪ್ಪನಿಗೋಸ್ಕರ ಸಾಯೋಕೆ ತಯಾರಿದ್ದೀಯ. ನನಗೋಸ್ಕರ ಒಂದು ತುತ್ತು ತಿನ್ನೋಕೆ ಆಗಲ್ಲ. ನಿನಗೆ ಕರುಳು ಅನ್ನೋದೇ ಇಲ್ಲ ಅಮ್ಮ."

ತಿನ್ನಲು ಮನಸ್ಸಿಲ್ಲ ಎಂದಲ್ಲ. ಭಯ. ತಿಂದ ಇಪ್ಪತ್ತು ನಿಮಿಷಕ್ಕೆ ಅದು ಬಂದೇ ಬರುತ್ತದೆ, ಹೇಳಿ ಕಳಿಸಿದ ನೆಂಟನ ಹಾಗೆ. ಅವಳ ಎದುರು ಹೊಟ್ಟೆ ಹಿಡಿದು ಮುದುಡಿ ಕೂರಬಾರದು — ಅದಕ್ಕೇ ನಾಲ್ಕು ಚಮಚ.

ಐದರ ಬಸ್ಸಿಗೆ ಹೋದಳು. ತಿರುಗಿ ನೋಡಲಿಲ್ಲ. ಸಿಟ್ಟು ಬಂದರೆ ಇವರೂ ಹಾಗೆಯೇ, ಕತ್ತು ನೆಟ್ಟಗೆ.

ಜೂನ್ 14, ಶುಕ್ರವಾರ

ಮಾತ್ರೆ ಮುಗಿದಿತ್ತು, ಆಸ್ಪತ್ರೆಗೆ ಹೋಗಿದ್ದೆ. ಹೊಟ್ಟೆ ಡಾಕ್ಟರು ರಜೆ. ಅವರ ಕುರ್ಚಿಯಲ್ಲಿ ಒಬ್ಬಳು ಕಿರಿಯ ಡಾಕ್ಟರು, ಮಗಳಿಗಿಂತ ಚಿಕ್ಕವಳು. ಹಳೇ ಚೀಟಿ ನೋಡಿ ಅದನ್ನೇ ಬರೆದುಕೊಡುತ್ತಾಳೆ ಅಂದುಕೊಂಡೆ. ಅವಳು ಫೈಲು ಮುಚ್ಚಿಟ್ಟು ಕೇಳಿದಳು.

"ಹಸಿವೇ ಆಗಲ್ವಾ ಅಮ್ಮ? ಇಲ್ಲಾ ಹಸಿವಿದ್ದೂ ತಿನ್ನೋಕೆ ಹೆದರಿಕೆನಾ?"

ಏಳು ತಿಂಗಳಲ್ಲಿ ಯಾರೂ ಕೇಳಿರಲಿಲ್ಲ. ನಾನೇ ಕೇಳಿಕೊಂಡಿರಲಿಲ್ಲ. ಹಸಿವಿದೆ ಅಂದೆ. ಬೆಳಿಗ್ಗೆ ಎದ್ದ ಕೂಡಲೇ ಹಸಿವು. ಬೇಕರಿ ಮುಂದೆ ನಡೆಯುವಾಗ ಉಸಿರು ಬಿಗಿ ಹಿಡಿದು ದಾಟುತ್ತೇನೆ. ಬೇರೆಯವರ ಮನೆ ಅಡಿಗೆಯ ವಾಸನೆಗೆ ಬಾಯಲ್ಲಿ ನೀರೂರಿ, ಯಾರಾದರೂ ನೋಡಿಯಾರೆಂದು ಬಾಯಿ ಒರೆಸಿಕೊಂಡದ್ದುಂಟು. ಅಷ್ಟನ್ನೂ ಹೇಳಿಬಿಟ್ಟೆ.

ಮಲಗಿಸಿ ಸ್ಟೆಥಾಸ್ಕೋಪ್ ಇಟ್ಟಳು. ಎದೆಗಲ್ಲ, ಹೊಟ್ಟೆಗೆ. ಕಣ್ಣು ಮುಚ್ಚಿ ಬಹಳ ಹೊತ್ತು ಕೇಳಿದಳು. ಒಂದು ಸದ್ದಿದೆ ಅಂದಳು, ಕಿರಿದಾದ ಕಡೆ ನೀರು ನುಗ್ಗಿದಂಥ ಸದ್ದು. ಡಾಪ್ಲರ್ ಅಂತ ಬರೆದುಕೊಟ್ಟಿದ್ದಾಳೆ. ರಕ್ತ ಹರಿಯುವುದನ್ನು ನೋಡುವ ಸ್ಕ್ಯಾನಂತೆ. ಮಂಗಳವಾರ, ಖಾಲಿ ಹೊಟ್ಟೆಯಲ್ಲಿ.

ಖಾಲಿ ಹೊಟ್ಟೆಗೇನು ಬರ.

ಜೂನ್ 18, ಮಂಗಳವಾರ

ಪೂರ್ತಿ ಬರೆಯಬೇಕು. ಮರೆಯಬಾರದು.

ಸ್ಕ್ಯಾನ್ ಕೋಣೆ ನಮ್ಮ ಅಂಗಡಿಯಷ್ಟೇ. ಕಿಟಕಿಯಿಲ್ಲ. ಮಂಚ, ಯಂತ್ರ, ಗೋಡೆಯ ಮೇಲೆ ಯಾವುದೋ ಸಮುದ್ರದ ಚಿತ್ರ, ಫ್ರೇಮಿನ ಮೂಲೆ ಕೂಡಿಲ್ಲ. ಸ್ಕ್ಯಾನ್ ಮಾಡುವವಳು ನಲವತ್ತರ ಆಸುಪಾಸು, ಕನ್ನಡಕ ತಲೆ ಮೇಲೆ. ಹೊಟ್ಟೆಗೆ ತಣ್ಣನೆಯ ಜೆಲ್ ಹಚ್ಚಿ, ಉಸಿರು ಹಿಡೀರಿ, ಬಿಡಿ, ಹಿಡೀರಿ. ಪರದೆಯಲ್ಲಿ ಬೂದು ಮೋಡದ ನಡುವೆ ಕೆಂಪು, ನೀಲಿ. ಆಮೇಲೆ ಯಾವುದೋ ಗುಂಡಿ ಒತ್ತಿದಳು — ಸದ್ದು. ಹುಶ್... ಹುಶ್... ಹುಶ್. ನಿಮ್ಮದೇ ರಕ್ತ ಅಂದಳು.

ಒಂದೇ ಜಾಗಕ್ಕೆ ಮತ್ತೆ ಮತ್ತೆ ಬಂದಳು. ಅಲ್ಲಿ ಸದ್ದು ಬೇರೆ, ಸಿಳ್ಳೆಯ ಹಾಗೆ. ಕನ್ನಡಕ ಕಣ್ಣಿಗಿಳಿಸಿದಳು.

ಆಮೇಲೆ ಎಬ್ಬಿಸಿ ಒಂದು ಲೋಟ ಗಟ್ಟಿ ಹಾಲು ಕೊಟ್ಟಳು. ಕುಡಿಯಿರಿ, ಕುಡಿದ ಮೇಲೆ ಮತ್ತೊಮ್ಮೆ ನೋಡುತ್ತೇನೆ ಎಂದು. ಲೋಟ ಹಿಡಿದು ಕೂತೆ. ಎಷ್ಟು ಹೊತ್ತಿಗೆ ನೋವು ಬರುತ್ತದೆ, ಸುಮಾರಾಗಿ ಹೇಳಿ ಅಂದಳು. ಸುಮಾರಾಗಿ ಯಾಕೆ, ಬರೆದಿಟ್ಟಿದ್ದೇನೆ ಅಂದೆ.

ಚೀಲದಿಂದ ಈ ಪುಸ್ತಕವನ್ನೇ ತೆಗೆದೆ. ಎದೆಗೆ ಒತ್ತಿ ಹಿಡಿದು, ಅವಳಿಗೆ ಪುಟ ಕಾಣದ ಹಾಗೆ, ಹೊತ್ತುಗಳನ್ನು ಮಾತ್ರ ಓದಿದೆ. ಜೂನ್ ನಾಲ್ಕು, ಒಂದೂಕಾಲಿಗೆ ತಿಂದೆ, ಒಂದು ಮೂವತ್ತೈದಕ್ಕೆ ಬಂತು. ಮೇ ಮೂವತ್ತು, ಎಂಟೂವರೆಗೆ ತಿಂದೆ, ಎಂಟು ಐವತ್ತಕ್ಕೆ. ಮೇ ಇಪ್ಪತ್ತಾರು... ಅಲ್ಲಿ ಇವರ ಬಗ್ಗೆ ಒಂದು ಪುಟ. ಹಾರಿಸಿದೆ. ಅವಳು ಬರೆದುಕೊಂಡಳು. ಹನ್ನೊಂದು ದಿನ ಓದಿದ ಮೇಲೆ ಸಾಕು ಅಂದಳು. ಪುಸ್ತಕ ಡಾಕ್ಟರಿಗೆ ತೋರಿಸಬಹುದಾ ಎಂದು ಕೇಳಿದಳು. ಆಗಲ್ಲ ಅಂದೆ. ಯಾಕೆ ಎಂದು ಕೇಳಲಿಲ್ಲ. ಒಳ್ಳೆಯವಳು.

ಹಾಲು ಕುಡಿದೆ. ಮಲಗಿದೆ. ಹದಿನೆಂಟನೇ ನಿಮಿಷಕ್ಕೆ ಬಂತು. ಮುದುಡಬೇಡಿ, ಸ್ವಲ್ಪ ತಡ್ಕೊಳ್ಳಿ, ನೋಡ್ತಾ ಇದ್ದೀನಿ ಅಂದಳು. ಒಂದು ಕೈ ಯಂತ್ರದ ಮೇಲೆ, ಇನ್ನೊಂದು ಕೈಯಲ್ಲಿ ನನ್ನ ಭುಜ.

ನೋವು ಬರುವುದನ್ನು ಇನ್ನೊಬ್ಬರು ಪಕ್ಕದಲ್ಲಿದ್ದು ನೋಡಿದ್ದು ಇದೇ ಮೊದಲು.

"ಇದು ನಿಮ್ಮ ಮನಸ್ಸಿನದಲ್ಲ ಅಮ್ಮ," ಅಂದಳು. "ಮಿಕ್ಕಿದ್ದು ಡಾಕ್ಟರು ಹೇಳ್ತಾರೆ. ಇಷ್ಟು ನಾನೇ ಹೇಳ್ತೀನಿ."

ಜೂನ್ 19

ಹೊಟ್ಟೆ ಡಾಕ್ಟರು ರಜೆ ಮುಗಿಸಿ ಬಂದಿದ್ದಾರೆ. ಮುಖ ಸಪ್ಪೆ. ಚಿತ್ರ ಬರೆದು ತೋರಿಸಿದರು. ಬೆನ್ನ ಮುಂದೆ ಇಳಿಯುವ ದೊಡ್ಡ ರಕ್ತನಾಳ, ಅದರಿಂದ ಕರುಳಿಗೆ ಮೂರು ಕವಲು. ಎರಡು ಕವಲಲ್ಲಿ ತೊಂದರೆ ಇದ್ದ ಹಾಗಿದೆ. ಉಂಡ ಮೇಲೆ ಕರುಳಿಗೆ ಕೆಲಸ, ಕೆಲಸಕ್ಕೆ ರಕ್ತ ಜಾಸ್ತಿ ಬೇಕು, ದಾರಿ ಕಿರಿದಾದರೆ ಬರುವುದಿಲ್ಲ. ಓಡುವವನಿಗೆ ಉಸಿರು ಸಾಲದ ಹಾಗೆ. ಅದೇ ನೋವು. ಸಿ.ಟಿ. ಆಂಜಿಯೋ ಮಾಡಿದರೆ ಪೂರ್ತಿ ಕಾಣುತ್ತದೆ. ಈ ವಾರವೇ ಮಾಡಿಸಿ, ತಡ ಮಾಡಬೇಡಿ ಎಂದು ಎರಡು ಸಲ ಹೇಳಿದರು. ಮೊದಲೇ ಹೊಳೆಯಬೇಕಿತ್ತು ಎಂದು ಮೂರನೆಯದಾಗಿ ಹೇಳಿದರು, ನನಗಲ್ಲ, ಮೇಜಿಗೆ.

ಕರುಳಿಗೆ ರಕ್ತ ಹೋಗುತ್ತಿಲ್ಲ. ಮಗಳು ಸಿಟ್ಟಿನಲ್ಲಿ ಅಂದದ್ದು ಪೂರಾ ತಪ್ಪೇನಲ್ಲ.

ಸಿ.ಟಿ.ಗೆ ಬರೆದುಕೊಟ್ಟ ಚೀಟಿ ಮಡಚಿ ಚೀಲಕ್ಕೆ ಹಾಕಿಕೊಂಡು ಬಂದೆ.

ಜೂನ್ 20

ಮಗಳ ಫೋನು. ಸ್ಕ್ಯಾನ್ ಏನಾಯ್ತು ಅಂದಳು. ಗ್ಯಾಸು ಅಂದೆ. ನಾಲಿಗೆ ತಡವರಿಸಲೂ ಇಲ್ಲ.

ಜೂನ್ 22

ಚೀಟಿ ರಟ್ಟಿನ ಹಾಳೆಗಳ ನಡುವೆ ಇಟ್ಟಿದ್ದೇನೆ. ಯಾಕೆ ಅಂತ ನನ್ನನ್ನೇ ಕೇಳಿಕೊಳ್ಳುತ್ತಿದ್ದೇನೆ. ಸೂಜಿಯ ಭಯವಲ್ಲ. ಯಂತ್ರದ ಭಯವೂ ಅಲ್ಲ.

ಇವರಿಗಾಗಿ ಸೊರಗುತ್ತಿದ್ದೇನೆ ಅಂದುಕೊಂಡಿದ್ದೆ. ಪ್ರತಿ ನೋವಿಗೂ, ಇಗೋ ನೋಡಿ, ನೀವಿಲ್ಲದೆ ನನ್ನ ಗತಿ ನೋಡಿ ಎಂದು ಒಳಗೇ ಮಾತಾಡುತ್ತಿದ್ದೆ. ಇವರೂ ಕೇಳಿಸಿಕೊಳ್ಳುತ್ತಿದ್ದರು ಅನ್ನಿಸುತ್ತಿತ್ತು. ಈಗ ನೋಡಿದರೆ ನಲ್ಲಿ ಕಟ್ಟಿಕೊಂಡದ್ದಂತೆ. ಯಾವನೋ ಬಂದು ತಂತಿ ಹಾಕಿ ಬಿಡಿಸುತ್ತಾನಂತೆ. ಹಾಗಾದರೆ ಈ ಏಳು ತಿಂಗಳು ನಾನು ಯಾರ ಜೊತೆ ಮಾತಾಡಿದೆ?

ನೋವು ಹೋದರೆ ಇವರೂ ಹೋಗುತ್ತಾರೆ. ಇಷ್ಟೇ ವಿಷಯ. ಬರೆದಾಯಿತು.

ಜೂನ್ 25

ಅರ್ಧ ಬ್ರೆಡ್ಡು. 8.20 — 8.35. ಐದು ನಿಮಿಷ ಬೇಗ ಬಂತು.

ಇವರು ಊಟ ಮಾಡುವ ರೀತಿ ನೆನಪಾಯಿತು. ಅರ್ಧ ಇಳಿಸಿದ ಶಟರಿನ ಕೆಳಗಿಂದ ಬಿಸಿಲು ಒಂದು ಪಟ್ಟಿ ಒಳಗೆ ಬರುತ್ತಿತ್ತು. ಗಾಜು ಕತ್ತರಿಸುವ ಮೇಜಿನ ಮೇಲೆ ಪೇಪರು ಹಾಸಿ, ಒಂದೇ ಡಬ್ಬಿ, ಎರಡು ಚಮಚ. ನನ್ನ ಕಡೆಯದನ್ನೇ ಮೊದಲು ತಿನ್ನುವುದು. ನಿಮ್ಮ ಕಡೆಯದು ಖಾಲಿ ಮಾಡಿ ಅಂದರೆ, ಅದು ಎಲ್ಲೂ ಓಡಿಹೋಗಲ್ಲ ಬಿಡು ಅನ್ನುತ್ತಿದ್ದರು. ಬಾಯಿ ತುಂಬಿಕೊಂಡೇ ಹಾಡು ಗುನುಗುವುದು. ಬಾಚಿದಷ್ಟೂ ಮುಗಿಯದ ಹಸಿವು ಅವರದು. ಉಂಡ ಮೇಲೆ ಶಟರ್ ಎತ್ತಿ, ಬಾಗಿಲೊಳಗೇ ಕೂತು ಒಂದು ಸಿಗರೇಟು.

ಆ ಮುಕ್ಕಾಲು ಗಂಟೆಗೆ ಈಗಿರುವ ದಿನಗಳನ್ನೆಲ್ಲ ಕೊಟ್ಟುಬಿಡುತ್ತೇನೆ.

ಜೂನ್ 27

ಆಸ್ಪತ್ರೆಯಿಂದ ಫೋನು. ಸ್ಕ್ಯಾನ್ ಮಾಡಿದವಳೇ. ಸಿ.ಟಿ. ಪಟ್ಟಿಯಲ್ಲಿ ನಿಮ್ಮ ಹೆಸರು ಹುಡುಕಿದೆ, ಇಲ್ಲ, ಬೇರೆ ಕಡೆ ಮಾಡಿಸಿದ್ರಾ ಎಂದು ಕೇಳಿದಳು. ಇಲ್ಲ, ಮುಂದಿನ ವಾರ ಅಂದೆ.

"ನೋವು ಬಂದು ಹೋಗೋವರೆಗೆ ನಮಗೆ ಟೈಮಿದೆ ಅಮ್ಮ. ಬಂದಿದ್ದು ಹೋಗದೇ ಇದ್ದರೆ ಟೈಮಿರಲ್ಲ."

ಸೋಮವಾರ ಬರುತ್ತೇನೆ ಅಂದೆ. ಬರಬೇಕೆಂದು ಮನಸ್ಸಿನಲ್ಲಿ ಇತ್ತೋ ಇಲ್ಲವೋ, ನನಗೇ ಗೊತ್ತಿಲ್ಲ.

ಜೂನ್ 29, ಶನಿವಾರ. 11.40

ಏನೂ ತಿಂದಿಲ್ಲ. ಬೆಳಿಗ್ಗೆ ನೀರು ಮಾತ್ರ. ಆದರೂ ಬಂದಿದೆ. ಒಂಬತ್ತರಿಂದ. ಹೋಗುತ್ತಿಲ್ಲ. ಎರಡು ಸಲ ವಾಂತಿ. ಗಾಜಿನ ಮೇಜು ಹಿಡಿದು ನಿಂತಿದ್ದೇನೆ. ಬೆವರು... ಅಕ್ಷರ ನೆಟ್ಟಗೆ

ಜುಲೈ 6, ಶನಿವಾರ. ವಾರ್ಡಿನಲ್ಲಿ

ಮಗಳು ಪುಸ್ತಕ ತಂದುಕೊಟ್ಟಳು. ಕೀಲಿಕೈಯವನು ನನ್ನ ಅಂಗಡಿ ಮುಚ್ಚುವಾಗ ನೆಲದ ಮೇಲೆ ಸಿಕ್ಕಿತಂತೆ. ರಬ್ಬರ್ ಬ್ಯಾಂಡ್ ಹಾಕಿ ಕೊಟ್ಟಿದ್ದಾನೆ. ತೆರೆದಿಲ್ಲ ಅಕ್ಕಾ, ತೆರೆಯೋದೇ ನನ್ನ ಕಸುಬಾದರೂ ಇದನ್ನು ತೆರೆದಿಲ್ಲ ಎಂದು ಹೇಳಿ ಕಳಿಸಿದ್ದಾನೆ.

ಆದದ್ದು ಹೀಗೆ. ಮೇಜಿನ ಪಕ್ಕ ಬಿದ್ದಿದ್ದೆನಂತೆ. ಗಾಜು ಒಡೆದ ಸದ್ದಿಗೆ ಅವನು ಬಂದ. ಇಪ್ಪತ್ತು ವರ್ಷದಲ್ಲಿ ಮೊದಲ ಸಲ ತನ್ನ ಅಂಗಡಿಗೆ ಬೀಗ ಹಾಕದೆ ಓಡಿದ್ದಾನೆ. ಟ್ಯಾಕ್ಸಿಯಲ್ಲಿ ಹಾಕಿಕೊಂಡು ಆಸ್ಪತ್ರೆಗೆ ತಂದ. ನೋವು ಎಲ್ಲಿ ಎಂದು ಡಾಕ್ಟರು ಕೇಳಿದರು. ಕರುಳಿಗೆ ರಕ್ತ ಬರುತ್ತಿಲ್ಲ, ಚೀಟಿ ರಟ್ಟಿನ ನಡುವೆ ಇದೆ ಅಂದೆನಂತೆ. ರಟ್ಟಿನ ಮಾತು ಯಾರಿಗೂ ಅರ್ಥವಾಗಲಿಲ್ಲ, ಕರುಳಿನದು ಆಯಿತು.

ನೇರ ಸಿ.ಟಿ. ಕೋಣೆಗೆ. ಅದು ಮಾತ್ರ ಚೆನ್ನಾಗಿ ನೆನಪಿದೆ. ದೊಡ್ಡ ಬಳೆಯಂಥ ಯಂತ್ರ, ಅದರೊಳಗೆ ಜಾರುವ ಹಾಸಿಗೆ. ಕೈಯ ಸೂಜಿಯಿಂದ ಬಣ್ಣದ ಮದ್ದು ಬಿಟ್ಟರು. ಗಂಟಲಿನಿಂದ ತೊಡೆಯವರೆಗೆ ಬಿಸಿ ಹರಿಯಿತು, ಬಿಸಿನೀರಿನ ಕೊಡ ಒಳಗೇ ಒಡೆದ ಹಾಗೆ. ಧ್ವನಿಯೊಂದು ಉಸಿರು ಹಿಡೀರಿ ಅಂದಿತು. ಹಿಡಿದೆ. ಆ ಹತ್ತು ಸೆಕೆಂಡಿನಲ್ಲಿ... ಬರೆಯಲು ನಾಚಿಕೆ. ಇವರನ್ನು ನೆನೆಯಲಿಲ್ಲ. ಬದುಕಬೇಕು ಅನ್ನಿಸಿತು. ಬರೀ ಅಷ್ಟೇ. ಬಿಡಬೇಡಿ, ಬಿಡಬೇಡಿ ಎಂದು ಯಾರನ್ನೋ ಬೇಡಿಕೊಂಡೆ.

ರಕ್ತನಾಳದ ಡಾಕ್ಟರು ನಿನ್ನೆ ಆ ಚಿತ್ರ ತೋರಿಸಿದರು. ಎಲೆ ಉದುರಿದ ಮರದ ಹಾಗೆ, ಆದರೆ ತಲೆಕೆಳಗು. ಯಾರಾದರೂ ಫ್ರೇಮ್ ಹಾಕಿಸಲು ತಂದಿದ್ದರೆ, ಯಾವ ಬೇರು ಇದು ಎಂದು ಕೇಳುತ್ತಿದ್ದೆ. ಮೂರು ಕವಲಲ್ಲಿ ಒಂದು ಪೂರಾ ಮುಚ್ಚಿದೆ. ಎರಡನೆಯದು ದಾರದಷ್ಟು ತೆರೆದಿತ್ತು, ಆ ಶನಿವಾರ ದಾರದಲ್ಲೂ ಹೆಪ್ಪು ಸಿಕ್ಕಿಕೊಂಡಿತು. ಮೂರನೆಯದು ಚಿಕ್ಕದು, ಪಾಪ, ಇಷ್ಟು ದಿನ ಮೂವರ ಕೆಲಸ ಒಂದೇ ಮಾಡುತ್ತಿತ್ತಂತೆ. ತೊಡೆಯ ಸಂದಿಯಿಂದ ತಂತಿ ಏರಿಸಿ, ಹೆಪ್ಪು ತೆಗೆದು, ದಾರದ ಜಾಗದಲ್ಲಿ ಸ್ಟೆಂಟ್ ಇಟ್ಟಿದ್ದಾರೆ. ಪೆನ್ನಿನ ಸ್ಪ್ರಿಂಗಿನಂಥದ್ದು. ಇನ್ನು ಅರ್ಧ ದಿನ ತಡವಾಗಿದ್ದರೆ ಕರುಳನ್ನೇ ಕತ್ತರಿಸಿ ತೆಗೆಯಬೇಕಿತ್ತು, ಅಥವಾ ಅದಕ್ಕೂ ಹೊತ್ತು ಇರುತ್ತಿರಲಿಲ್ಲ ಎಂದರು.

ಸಿಗರೇಟು ಸೇದ್ತೀರಾ ಎಂದು ಕೇಳಿದರು. ನಾನಲ್ಲ, ಯಜಮಾನರು ಅಂದೆ. ಎಷ್ಟು ವರ್ಷ, ಎಲ್ಲಿ? ಮೂವತ್ತೊಂದು ವರ್ಷ, ಕಿಟಕಿಯಿಲ್ಲದ ಅಂಗಡಿ, ಇಬ್ಬರೂ ಒಳಗೆ. ಡಾಕ್ಟರು ಏನೋ ಬರೆದುಕೊಂಡರು. ಅದೂ ಒಂದು ಕಾರಣ ಇರಬಹುದು, ಹೀಗೇ ಅಂತ ಹೇಳೋಕಾಗಲ್ಲ, ವಯಸ್ಸು, ಬಿ.ಪಿ., ಎಲ್ಲ ಸೇರಿ ಎಂದರು. ಇನ್ನು ಮುಂದೆ ಹೊಗೆಯ ಹತ್ತಿರ ನಿಲ್ಲಬೇಡಿ ಎಂದರು.

ಅವರು ಹೋದ ಮೇಲೆ ನಗು ಬಂತು. ತೊಡೆಯ ಸಂದಿಯ ಪಟ್ಟಿ ಹಿಡಿದುಕೊಂಡು ನಕ್ಕೆ. ಮಗಳು ಗಾಬರಿ. ಕೊರಗಲ್ಲ, ಕೊರಗಲ್ಲ ಎಂದು ಇವರ ಕೈಯಿಂದ ನನ್ನನ್ನು ಬಿಡಿಸಿಕೊಂಡು ಬಂದರೆ, ಕೊನೆಗೂ ಇವರದೇ ಕೆಲಸ.

ಜುಲೈ 7. ಮಧ್ಯಾಹ್ನ

12.30ಕ್ಕೆ ಊಟ ತಂದಿಟ್ಟರು. ಬೇಯಿಸಿದ ಆಲೂಗಡ್ಡೆ, ಅರ್ಧ ಮೊಟ್ಟೆ, ಒಂದು ತುಂಡು ಬ್ರೆಡ್ಡು. ಎಲ್ಲ ತಿಂದೆ.

12.50. ಇಲ್ಲ.

12.55. ಇಲ್ಲ. ಹಾಸಿಗೆಯ ಅಂಚು ಹಿಡಿದುಕೊಂಡಿದ್ದೇನೆ. ಮಗಳು ಗಡಿಯಾರ ನೋಡುತ್ತಿಲ್ಲವೆಂಬಂತೆ ನಟಿಸುತ್ತಿದ್ದಾಳೆ.

1.15. ಇಲ್ಲ.

2.00. ಬರಲೇ ಇಲ್ಲ.

ಮಗಳು ಅತ್ತಳು. ನಾನೂ. ಅವಳು ಯಾಕೆ ಅತ್ತಳೆಂದು ಗೊತ್ತು. ನಾನು ಅತ್ತದ್ದು ಅದಕ್ಕಷ್ಟೇ ಅಲ್ಲ. ಬರುವವರನ್ನು ಕಾದು ಕಾದು, ಬರುವುದಿಲ್ಲವೆಂದು ಗೊತ್ತಾದಾಗ ಆಗುವುದು... ಅದು. ಹೋದ ವರ್ಷ ಏಪ್ರಿಲಿನಲ್ಲಿ ಒಮ್ಮೆ ಆಗಿತ್ತು. ಇವತ್ತು ಎರಡನೇ ಸಲ.

ಜುಲೈ 9

ಚೀಟಿ ಬಚ್ಚಿಟ್ಟದ್ದನ್ನು ಮಗಳಿಗೆ ಹೇಳಿದೆ. ಗೊತ್ತು ಅಂದಳು. ನಾನು ಬಿದ್ದ ಶನಿವಾರವೇ ಗೊತ್ತಾಗಿತ್ತಂತೆ, ಸ್ಕ್ಯಾನ್ ಮಾಡುವವಳು ಅತ್ತುಕೊಂಡು ಹೇಳಿದಳಂತೆ, ಎರಡನೇ ಸಲ ಫೋನ್ ಮಾಡಬೇಕಿತ್ತು ಎಂದು. ಹತ್ತು ದಿನ ಮಗಳು ಒಂದು ಮಾತು ಎತ್ತಿರಲಿಲ್ಲ. ಕಿತ್ತಳೆ ಬಿಡಿಸುತ್ತಿದ್ದಳು. ತಲೆ ಎತ್ತದೆ ಹೇಳಿದಳು.

"ಅಪ್ಪ ಹೋದಾಗ ಅರ್ಧ ಅನಾಥೆ ಆದೆ. ಇನ್ನರ್ಧ ಮಾಡೋಕೆ ನಿನಗೆ ಅಷ್ಟು ಅವಸರವಾ ಅಮ್ಮ?"

ಅವಳ ಅಪ್ಪನನ್ನು ನಾನೊಬ್ಬಳೇ ಕಳೆದುಕೊಂಡವಳ ಹಾಗೆ ಇದ್ದೆ. ನೋವಿಗೆಲ್ಲ ನಾನೇ ಹಕ್ಕುದಾರಳು ಎಂಬಂತೆ. ಅವಳಿಗೆ ಅಳಲು ಒಂದು ಮೂಲೆ ಸಹ ಬಿಟ್ಟಿರಲಿಲ್ಲ — ಅಡುಗೆಮನೆಯ ನಲ್ಲಿಯ ಹತ್ತಿರ ಬಿಟ್ಟರೆ.

ತಪ್ಪಾಯಿತು, ಹೊಟ್ಟೆಗೆ ಹಾಕಿಕೋ ಅಂದೆ.

"ಮೊದಲು ಇದನ್ನ ನಿನ್ನ ಹೊಟ್ಟೆಗೆ ಹಾಕ್ಕೋ," ಎಂದು ಕಿತ್ತಳೆ ತೊಳೆ ನನ್ನ ಬಾಯಿಗೆ ತುರುಕಿದಳು. ಹುಳಿ. ಎಂಟು ತಿಂಗಳಾಗಿತ್ತು ಕಿತ್ತಳೆ ತಿಂದು. ಕಣ್ಣಲ್ಲಿ ನೀರು ಬಂತು, ಹುಳಿಗೆ.

ಸಂಜೆಯವರೆಗೆ ಅವಳ ಅಪ್ಪನ ಬಗ್ಗೆ ಮಾತಾಡಿದೆವು. ಅವಳು ಚಿಕ್ಕವಳಿದ್ದಾಗ ಅವಳ ಹಲ್ಲೊಂದು ಬಿದ್ದದ್ದನ್ನು ಇವರು ಮಖಮಲ್ಲಿನ ಮೇಲೆ ಅಂಟಿಸಿ, ಬೆಂಕಿಪೊಟ್ಟಣದಷ್ಟು ಫ್ರೇಮ್ ಹಾಕಿಕೊಟ್ಟಿದ್ದರಂತೆ. ಈಗಲೂ ಅವಳ ಬೀರುವಿನಲ್ಲಿದೆಯಂತೆ. ನನಗೆ ಗೊತ್ತೇ ಇರಲಿಲ್ಲ. ಇವರ ಬಗ್ಗೆ ನನಗೆ ಗೊತ್ತಿಲ್ಲದ್ದು ಇನ್ನೂ ಇದೆ. ಅವಳ ಹತ್ತಿರ ಇದೆ.

ಜುಲೈ 21, ಭಾನುವಾರ

ಮಗಳ ಮನೆ. ಎರಡು ವಾರದಲ್ಲಿ ಮೂರು ಕಿಲೋ ಏರಿದೆ. ರಕ್ತ ತೆಳುವಾಗುವ ಮಾತ್ರೆ, ಕೊಬ್ಬಿನ ಮಾತ್ರೆ, ಬಿ.ಪಿ. ಮಾತ್ರೆ. ಮನಸ್ಸಿನ ಮಾತ್ರೆ ನಿಲ್ಲಿಸಿದರು.

ತಮಾಷೆ ನೋಡು. ಈಗ ಬೇಕಿತ್ತು ಅದು.

ಮೊದಲು ಹೊಟ್ಟೆಯಲ್ಲಿ ಒಂದು ಜಾಗವಿತ್ತು, ಬೆರಳಿಟ್ಟು ಇಲ್ಲಿ ಎಂದು ತೋರಿಸಬಹುದಿತ್ತು. ಈಗ ಎಲ್ಲಿ ಎಂದು ತೋರಿಸಲಿ. ಚಪ್ಪಲಿ ಹಾಕುವಾಗ, ಬಸ್ಸಿನ ಕಿಟಕಿ ಪಕ್ಕ ಕೂತಾಗ, ಏನೋ ಹೇಳಲು ಬಾಯಿ ತೆರೆದು ಪಕ್ಕಕ್ಕೆ ತಿರುಗಿದಾಗ... ಯಾವ ಯಂತ್ರಕ್ಕೂ ಕಾಣುವುದಿಲ್ಲ. ಹೊತ್ತು ಗೊತ್ತಿಲ್ಲ, ಹಾಗಾಗಿ ಬರೆದಿಡುವಂತೆಯೂ ಇಲ್ಲ.

ಆದರೆ ಹಸಿವಾಗುತ್ತದೆ. ಅಳುವಿನ ನಡುವೆಯೂ ಹಸಿವಾಗುತ್ತದೆ. ಮೊದಲ ದಿನ ನಾಚಿಕೆಯಾಯಿತು. ಈಗ ತಿಂದು ಅಳುತ್ತೇನೆ.

ಆಗಸ್ಟ್ 13, ಮಂಗಳವಾರ

ಅಂಗಡಿ ತೆರೆದು ಎಂಟು ದಿನ. ಕೀಲಿಕೈಯವನು ನನ್ನ ಶಟರಿಗೆ ಎಣ್ಣೆ ಬಿಟ್ಟು ಇಟ್ಟಿದ್ದಾನೆ. ಸ್ಕ್ಯಾನ್ ಕೋಣೆಯ ಸಮುದ್ರದ ಚಿತ್ರಕ್ಕೆ ಹೊಸ ಫ್ರೇಮ್ ಹಾಕಿ ಕಳಿಸಿದೆ. ಮೂಲೆ ಕೂಡಿದೆ.

ಬೆಳಿಗ್ಗೆ ಬಸ್ ಸ್ಟಾಪಿನಲ್ಲಿ ಯಾರೋ ಸಿಗರೇಟು ಹಚ್ಚಿದರು. ಇವರು ಸೇದುತ್ತಿದ್ದದ್ದೇ, ಅದೇ ವಾಸನೆ. ಡಾಕ್ಟರು ಹೇಳಿದ್ದು ನೆನಪಿತ್ತು. ದೂರ ಸರಿಯಬೇಕಿತ್ತು. ಎರಡು ಹೆಜ್ಜೆ ಹತ್ತಿರ ಹೋದೆ. ಗಾಳಿ ನನ್ನ ಕಡೆಗೇ ಇತ್ತು. ಆ ಮನುಷ್ಯ ಯಾರೋ ಏನೋ, ಬೂಟಿನ ದಾರ ಬಿಚ್ಚಿಕೊಂಡಿತ್ತು. ಒಂದು ಬಸ್ಸು ಬಿಟ್ಟೆ. ಸಿಗರೇಟು ಮುಗಿಯುವವರೆಗೆ ನಿಂತಿದ್ದೆ.

ಆಮೇಲೆ ಬಂದ ಬಸ್ಸಿಗೆ ಹತ್ತಿದೆ. ಮಗಳಿಗೆ ಹೇಳಿಲ್ಲ. ಇನ್ನೊಮ್ಮೆ ಮಾಡುವುದಿಲ್ಲ.

ಆಗಸ್ಟ್ 30, ಶುಕ್ರವಾರ. 1.50. ಹೋಟೆಲಿನಲ್ಲಿ

ಕೂತಲ್ಲೇ ಬರೆಯುತ್ತಿದ್ದೇನೆ. ಆಸ್ಪತ್ರೆಗೆ ತೋರಿಸಿ ಬಂದೆ. ಮತ್ತೆ ಡಾಪ್ಲರ್. ಈ ಸಲ ಸಿಳ್ಳೆಯಿಲ್ಲ. ಸ್ಕ್ಯಾನ್ ಮಾಡುವವಳು ಸದ್ದು ದೊಡ್ಡದು ಮಾಡಿ ಕೇಳಿಸಿದಳು. ಹುಶ್, ಹುಶ್ — ಸೋಮಾರಿ ನದಿಯ ಹಾಗೆ. ಏನು ಬೇಕಾದರೂ ತಿನ್ನಿ, ಸ್ವಲ್ಪ ಸ್ವಲ್ಪವೇ ಅಂದಳು. 49 ಕಿಲೋ.

ಹೊರಗೆ ಬಂದರೆ ಹಸಿವು, ಎರಡೂ ಕಣ್ಣು ಮಂಜಾಗುವಷ್ಟು. ಎದುರಿಗೇ ಈ ಹೋಟೆಲು. ಇಷ್ಟು ವರ್ಷದಲ್ಲಿ ಒಳಗೆ ಬಂದದ್ದಿಲ್ಲ. ಮೀನು ಹುರಿಯುವ ವಾಸನೆ. ಕಿಟಕಿ ಪಕ್ಕದ ಮೇಜು. ಏನು ಕೊಡಲಿ ಅಮ್ಮ ಎಂದು ಸಪ್ಲೈಯರ್ ಕೇಳಿದ. ಹುರಿದ ಮೀನು, ಅನ್ನ — ಎರಡು ಅಂದೆ. ಬಾಯಿಗೆ ಬಂದದ್ದೇ ಹಾಗೆ. ಗೊತ್ತಾಗುವಷ್ಟರಲ್ಲಿ ಅವನು ಒಳಗೆ ಕೂಗಿಯಾಗಿತ್ತು.

ಎರಡು ತಟ್ಟೆ ಬಂತು. ಒಂದು ನನ್ನ ಮುಂದೆ, ಒಂದು ಎದುರಿನ ಕುರ್ಚಿಯ ಮುಂದೆ.

"ಇನ್ನೊಬ್ಬರು ಬರ್ತಾರಾ ಅಮ್ಮ? ಮುಚ್ಚಿಡಲಾ?"

ಇಲ್ಲ ಅಂದೆ. ಬರೋದಿಲ್ಲ ಅಂದೆ. ಜೋರಾಗಿ ಹೇಳಿದ್ದು ಇದೇ ಮೊದಲು. ಇಟ್ಟು ಹೋಗಪ್ಪ ಅಂದೆ.

ಹೋದ. ಕುರ್ಚಿಯ ಬೆನ್ನಿನ ಮೇಲೆ ಕಿಟಕಿಯ ಬಿಸಿಲು. ನನ್ನ ತಟ್ಟೆ ಮುಗಿಸಿದೆ. ಮುಳ್ಳು ಬಿಡಿಸಿ, ಬೆರಳು ನೆಕ್ಕಿ, ಒಂದಗುಳು ಬಿಡದೆ. ಕಾಯಲಿಲ್ಲ, ಗಡಿಯಾರ ನೋಡಲಿಲ್ಲ. ಇನ್ನೂ ಹಸಿವಿದೆ. ಸ್ವಲ್ಪ ಸ್ವಲ್ಪವೇ ಎಂದಿದ್ದಳು, ಗೊತ್ತು. ಎದುರಿನ ತಟ್ಟೆಯಿಂದ ಇನ್ನೂ ಹಬೆ ಏಳುತ್ತಿದೆ. ಅದನ್ನು ಈ ಕಡೆ ಎಳೆದುಕೊಂಡಿದ್ದೇನೆ. ಅಲ್ಲಿ ಕೂತು ಉಣ್ಣುವವರು ಈಗ ಇದ್ದಿದ್ದರೆ ಏನನ್ನುತ್ತಿದ್ದರೆಂದರೆ — ಇರಲಿ, ಆರುತ್ತದೆ, ಮೊದಲು ಒಂದು ತುತ್ತು